ತಂತಿ ತುಳಿದ ಸಾವು ವಿಧಿಲಿಖಿತವಲ್ಲ



ಮಳೆಗಾಲ ಬಂತೆಂದರೆ ಮಲೆನಾಡಿನಲ್ಲಿ ಗಾಳಿಗೆ ಮರ ಉರುಳುವುದು, ಮರದೊಡನೆ ವಿದ್ಯುತ್ ತಂತಿ ಹರಿದು ಬೀಳುವುದು ಹೊಸತಲ್ಲ. ತೋಟದ ಬಸಿಗಾಲುವೆ ಬಿಡಿಸಲು ಹೊರಟವರು ಆ ತಂತಿ ತುಳಿದು ಪ್ರಾಣ ಬಿಟ್ಟಾಗ ಊರಿನವರ ಮಾತು ಒಂದೇ: ‘ಆಯುಸ್ಸು ಅಷ್ಟೇ ಇತ್ತು.’ ಈ ಮಾತು ದುಃಖವನ್ನು ತುಸು ಹಗುರಗೊಳಿಸೀತು. ಆದರೆ ಹೊಣೆಗಾರರನ್ನು ಪಾರು ಮಾಡುವುದೂ ಇದೇ ಮಾತು. ಕಾನೂನು ಮಾತ್ರ ಇದನ್ನು ಒಪ್ಪಿಲ್ಲ.

1997ರ ಆಗಸ್ಟ್ ತಿಂಗಳ ಒಂದು ರಾತ್ರಿ ಮಧ್ಯಪ್ರದೇಶದಲ್ಲಿ ಕಾರ್ಖಾನೆಯ ಕೆಲಸಗಾರನೊಬ್ಬ ಸೈಕಲ್ಲಿನಲ್ಲಿ ಮನೆಗೆ ಮರಳುತ್ತಿದ್ದ. ಮಳೆನೀರಿನಲ್ಲಿ ಮುಳುಗಿದ್ದ ತಂತಿ ತಗುಲಿ ಆತ ಸತ್ತ. ಯಾರೋ ಕಳ್ಳತನದಿಂದ ವಿದ್ಯುತ್ ಎಳೆದದ್ದೇ ಕಾರಣ, ತನ್ನ ತಪ್ಪಿಲ್ಲ ಎಂದು ವಿದ್ಯುತ್ ಮಂಡಳಿ ವಾದಿಸಿತು. 2002ರಲ್ಲಿ ಸರ್ವೋಚ್ಚ ನ್ಯಾಯಾಲಯ ಆ ವಾದವನ್ನು ತಳ್ಳಿಹಾಕಿತು. ಅಪಾಯಕರವಾದ ವಸ್ತುವನ್ನು ಸಾಗಿಸುವವನೇ ಅದರಿಂದಾದ ಹಾನಿಗೆ ಹೊಣೆ. ಅವನ ಅಲಕ್ಷ್ಯವನ್ನು ಸಾಬೀತುಪಡಿಸುವ ಭಾರ ಸತ್ತವನ ಮನೆಯವರ ಮೇಲಿಲ್ಲ. ಈ ತತ್ತ್ವದ ಮೂಲ 1868ರ ಇಂಗ್ಲೆಂಡಿನ ತೀರ್ಪೊಂದರಲ್ಲಿದೆ. ಅಲ್ಲಿ ಒಬ್ಬನ ಜಲಾಶಯದ ನೀರು ನೆರೆಯವನ ಗಣಿಗೆ ನುಗ್ಗಿತ್ತು.

ಇದಕ್ಕೊಂದು ಮಿತಿಯೂ ಇದೆ. ನಿಯಮದ ಎತ್ತರದಲ್ಲಿಯೇ ಇದ್ದ ತಂತಿಗೆ ಅಡಿಕೆ ಕೊನೆ ತೆಗೆಯುವ ಲೋಹದ ದೋಟಿ ತಗುಲಿದರೆ, ತಪ್ಪು ಸತ್ತವನದೇ ಎಂಬ ವಾದಕ್ಕೆ ಬಲ ಬರುತ್ತದೆ. ಆದ್ದರಿಂದ ತಂತಿ ಜೋತು ಬಿದ್ದಿತ್ತೇ, ನೆಲದಿಂದ ಎಷ್ಟು ಎತ್ತರದಲ್ಲಿತ್ತು ಎಂಬುದು ಮಹಜರಿನಲ್ಲಿ ದಾಖಲಾಗಲೇಬೇಕು. ದುರಸ್ತಿಯಾದ ಮೇಲೆ ಆ ಸಾಕ್ಷ್ಯ ಉಳಿಯುವುದಿಲ್ಲ. ಲೈನ್‌ಮನ್ ಬರುವ ಮೊದಲೇ ದೂರದಲ್ಲಿ ನಿಂತು ಛಾಯಾಚಿತ್ರ ತೆಗೆಯಬೇಕು. ಪೊಲೀಸ್ ದೂರು, ಶವಪರೀಕ್ಷೆಯ ವರದಿ, 2003ರ ವಿದ್ಯುತ್ ಕಾಯ್ದೆಯ 161ನೇ ಕಲಮಿನಡಿ ವಿದ್ಯುತ್ ಪರಿವೀಕ್ಷಕರು ನೀಡುವ ವರದಿ – ಈ ಮೂರನ್ನೂ ಕೇಳಿ ಪಡೆಯಬೇಕು.

ದಾವೆ ಹೂಡಲು ಆಧಾರ 1855ರ ಮಾರಕ ಅಪಘಾತಗಳ ಕಾಯ್ದೆ. ಪತಿ ಅಥವಾ ಪತ್ನಿ, ತಂದೆ ತಾಯಿ, ಅಜ್ಜ ಅಜ್ಜಿ, ಮಕ್ಕಳು, ಮೊಮ್ಮಕ್ಕಳು ಇದರ ಫಲಾನುಭವಿಗಳು. ಸಾವಿನ ದಿನದಿಂದ ಎರಡು ವರ್ಷದೊಳಗೆ ದಾವೆ ಹೂಡಬೇಕು. ವರ್ಷಾಂತಿಕ ಕಳೆಯಲಿ, ಅಡಿಕೆ ಕೊಯ್ಲು ಮುಗಿಯಲಿ ಎಂದು ಮುಂದೂಡುವ ಮನೆ ಈ ಅವಧಿಯನ್ನು ಅರಿಯದೆಯೇ ಕಳೆದುಕೊಳ್ಳುತ್ತದೆ. ತುರ್ತು ಪರಿಹಾರದ ಚೆಕ್ಕು ಪಡೆದ ಮಾತ್ರಕ್ಕೆ ಹಕ್ಕು ಹೋಗದು. ಆದರೆ ‘ಇನ್ನಾವ ಬೇಡಿಕೆಯೂ ಇಲ್ಲ’ ಎಂಬ ಕಾಗದಕ್ಕೆ ವಕೀಲರನ್ನು ಕೇಳದೆ ಸಹಿ ಹಾಕಬಾರದು.

ಪರಿಹಾರದ ಲೆಕ್ಕಕ್ಕೆ ವಾಹನ ಅಪಘಾತಗಳ ಸೂತ್ರವನ್ನೇ ನ್ಯಾಯಾಲಯಗಳು ಸಾಮಾನ್ಯವಾಗಿ ಅನುಸರಿಸುತ್ತವೆ. ಸತ್ತವರ ವಯಸ್ಸು 38, ತಿಂಗಳ ದುಡಿಮೆ 10,000 ರೂಪಾಯಿ, ಅವಲಂಬಿತರು ನಾಲ್ವರು ಎಂದಿಟ್ಟುಕೊಳ್ಳೋಣ. ಮುಂದಿನ ಏರಿಕೆಗೆಂದು ಶೇ. 40 ಸೇರಿಸಿದರೆ 14,000. ಸ್ವಂತ ಖರ್ಚಿಗೆಂದು ನಾಲ್ಕನೆಯ ಒಂದು ಭಾಗ ಕಳೆದರೆ 10,500. ವರ್ಷಕ್ಕೆ 1,26,000. ಆ ವಯಸ್ಸಿಗೆ ಗುಣಕ 15. ಒಟ್ಟು 18,90,000 ರೂಪಾಯಿ. ಕೃಷಿಕರ ವಿಷಯದಲ್ಲಿ ‘ಜಮೀನು ಉಳಿದಿದೆಯಲ್ಲ’ ಎಂಬ ಪ್ರಶ್ನೆ ಏಳುತ್ತದೆ. ಆಗ ಪಹಣಿಯೊಂದೇ ಸಾಲದು. ಸತ್ತವರು ಕೈಯಾರೆ ಮಾಡುತ್ತಿದ್ದ ಕೆಲಸಕ್ಕೆ ಈಗ ಎಷ್ಟು ಕೂಲಿ ತೆರಬೇಕಾಗಿದೆ ಎಂಬ ಲೆಕ್ಕ ಬೇಕು. ಮನೆವಾರ್ತೆ ನೋಡುತ್ತಿದ್ದ ಹೆಂಗಸಿನ ದುಡಿಮೆಗೂ ಬೆಲೆಯುಂಟೆಂದು 2001ರಲ್ಲಿಯೇ ಸರ್ವೋಚ್ಚ ನ್ಯಾಯಾಲಯ ಹೇಳಿದೆ.

ವಕೀಲರ ಖರ್ಚಿಗೆ ಹೆದರಬೇಕಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ಆದಾಯದ ಮಿತಿಯಿಲ್ಲದೆ ಪ್ರತಿ ಮಹಿಳೆಗೂ ಉಚಿತ ನೆರವು ದೊರೆಯುತ್ತದೆ. ತಾಲ್ಲೂಕು ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಟ್ಟರಾಯಿತು.

ಯಾವ ಮೊತ್ತವೂ ಸತ್ತವರನ್ನು ಮರಳಿ ತರದು. ಆದರೆ ಪ್ರತಿಯೊಂದು ಸಾವಿಗೂ ಬೆಲೆ ತೆರಬೇಕೆಂದಾದಾಗ ಜೋತ ತಂತಿಯನ್ನು ಬಿಗಿಯುವುದೇ ಅಗ್ಗವಾಗುತ್ತದೆ. ಅಲ್ಲಿಯ ತನಕ ಕಾಯದೆ, ಈ ಮಳೆಗೆ ಮುನ್ನವೇ ವಿದ್ಯಾರ್ಥಿಗಳು ತಮ್ಮ ಕೇರಿಯ ತಂತಿಗಳನ್ನು ನೋಡಿ, ಲಿಖಿತ ದೂರು ಕೊಟ್ಟು, ಸ್ವೀಕೃತಿಯ ಮುದ್ರೆಯಿರುವ ಪ್ರತಿಯನ್ನು ಜೋಪಾನ ಮಾಡಲಿ. ಆ ಒಂದು ಹಾಳೆ ಜೀವ ಉಳಿಸೀತು. ಉಳಿಸದಿದ್ದರೆ, ನ್ಯಾಯಾಲಯದಲ್ಲಿ ಸಾಕ್ಷಿ ಹೇಳೀತು.