ಎದುರಿಗೆ ಅಂಗಡಿ ಇಟ್ಟವನ ಮೇಲೆ ಕೇಸ್ ಹಾಕಬಹುದಾ?

ಮೊನ್ನೆ ಕೂಡ್ಲಿಗಿಗೆ ಹೋಗಿದ್ದೆ. ಇಪ್ಪತ್ತು ವರ್ಷದಿಂದ ಕಿರಾಣಿ ಅಂಗಡಿ ನಡೆಸುತ್ತಿರುವ ಹಿರಿಯರೊಬ್ಬರು ಕೈ ಹಿಡಿದು ಕೂರಿಸಿಕೊಂಡರು. ರಸ್ತೆಯ ಆ ಬದಿಗೆ ದೊಡ್ಡದೊಂದು ಮಾರ್ಟ್ ಬಂದಿದೆ. ನಗದು ಇದ್ದೋರು ಅಲ್ಲಿಗೆ ಹೋಗ್ತಾರೆ, ಉದ್ರಿ ಬೇಕಾದೋರು ಮಾತ್ರ ಇವರ ಹತ್ರ ಬರ್ತಾರೆ.

“ಸರ, ಯಾಪಾರ ಅರ್ಧಕ್ಕ ಬಿತ್ತು. ಅವರ ಮ್ಯಾಲೆ ಕೇಸ್ ಹಾಕಿ ಪರಿಹಾರ ತಗಬೌದೇನ್ರಿ? ವಕೀಲರಿಗೆ ಕೊಡಾಕ ರೊಕ್ಕ ತೆಗೆದಿಟ್ಟೀನಿ.”

ಆ ರೊಕ್ಕ ಮುಟ್ಟಬೇಡಿ ಯಜಮಾನ್ರೇ ಅಂದೆ.

1410ರಲ್ಲಿ ಇಂಗ್ಲೆಂಡಿನ ಗ್ಲೌಸ್ಟರ್‌ನಲ್ಲಿ ಇದೇ ಜಗಳ ನಡೆದಿತ್ತು. ಅಲ್ಲಿನ ಶಾಲೆಗೆ ಪೈಪೋಟಿಯಾಗಿ ಇನ್ನೊಬ್ಬ ಮೇಷ್ಟ್ರು ಶಾಲೆ ತೆರೆದ. ಮೂರು ತಿಂಗಳಿಗೆ 40 ಪೆನ್ಸ್ ಇದ್ದ ಫೀಸು 12ಕ್ಕೆ ಇಳೀತು. ಹಳೇ ಮೇಷ್ಟ್ರುಗಳು ಕೋರ್ಟಿಗೆ ಹೋದರು. ನಷ್ಟ ಆಗಿರೋದು ನಿಜ, ಆದರೆ ನಿಮ್ಮ ಹಕ್ಕಿಗೆ ಧಕ್ಕೆ ಆಗಿಲ್ಲ ಅಂತ ಕೋರ್ಟು ಕೈಬಿಟ್ಟಿತು.

ಅಷ್ಟು ದೂರ ಯಾಕೆ? ನಮ್ಮದೇ ಮೈಸೂರು ರಾಜ್ಯದ ಕೇಸಿದೆ: ನಗರ್ ರೈಸ್ ಅಂಡ್ ಫ್ಲೋರ್ ಮಿಲ್ಸ್ ವಿರುದ್ಧ ತೀಕಪ್ಪ ಗೌಡ ಅಂಡ್ ಬ್ರದರ್ಸ್. ಒಂದು ಅಕ್ಕಿ ಗಿರಣಿಯ ಜಾಗ ಬದಲಾಯಿಸೋಕೆ ಸರ್ಕಾರ ಅನುಮತಿ ಕೊಟ್ಟಿತು. ಪೈಪೋಟಿಯ ಗಿರಣಿಯವರು ತಕರಾರು ತೆಗೆದರು. 1970ರಲ್ಲಿ ಸುಪ್ರೀಂ ಕೋರ್ಟು ಹೇಳಿದ್ದು, ವ್ಯಾಪಾರ ಮಾಡೋ ಹಕ್ಕು ಅವರಿಗೂ ಇದೆ, ಪೈಪೋಟಿ ಅಂತ ತಡೆಯೋಕೆ ನಿಮಗೆ ಹಕ್ಕಿಲ್ಲ.

ಸರಿ, ನಷ್ಟ ಮಾಡಿಕೊಂಡು ಅಗ್ಗಕ್ಕೆ ಮಾರಿ ಸಣ್ಣವರನ್ನ ಮುಗಿಸಿದರೆ? ಅದಕ್ಕೆ 2002ರ ಸ್ಪರ್ಧಾ ಕಾಯ್ದೆ ಇದೆ. ಆದರೆ ಮಾರುಕಟ್ಟೆಯೇ ಅವರ ಹಿಡಿತದಲ್ಲಿದೆ ಅಂತ ಮೊದಲು ತೋರಿಸಬೇಕು. ಬೆಂಗಳೂರಿನಲ್ಲಿ ಓಲಾ ವಿರುದ್ಧ ಟ್ಯಾಕ್ಸಿ ಕಂಪನಿಗಳು ಇದನ್ನೇ ಹೇಳಿದವು. ಪಕ್ಕದಲ್ಲೇ ಊಬರ್ ಇದೆಯಲ್ಲ ಅಂತ 2017ರಲ್ಲಿ ಸ್ಪರ್ಧಾ ಆಯೋಗ ದೂರು ಮುಗಿಸಿತು. ಕಂಪನಿಗಳಿಗೇ ಹೀಗಾದರೆ ಕಿರಾಣಿ ಅಂಗಡಿಯವರು ದೆಹಲಿಗೆ ಹೋಗಿ ಏನು ತೋರಿಸ್ತಾರೆ, ಸ್ವಾಮಿ? ಈ ವಿಷಯದಲ್ಲಿ ಕಾನೂನು ದೊಡ್ಡವರಿಗಷ್ಟೇ ಎಟುಕುತ್ತೆ ಅನ್ನೋದು ನನ್ನ ತಕರಾರು.

ಎದ್ದು ಹೊರಡುವಾಗ ಅವರು ಮೆಲ್ಲಗೆ ಕೇಳಿದರು. “ನನ್ನ ಎಣ್ಣ್ಯಾಗ ಕಲಬೆರಕೆ ಐತಿ ಅಂತ ಅವರ ಹುಡುಗ್ರು ಹೇಳ್ಯಾರ್ರಿ. ಅದೂ ಪೈಪೋಟಿನೇನು?”

ಮತ್ತೆ ಕೂತೆ. ಅಲ್ಲ ಯಜಮಾನ್ರೇ, ಅದು ಪೈಪೋಟಿ ಅಲ್ಲ! ಅಗ್ಗಕ್ಕೆ ಮಾರಬಹುದು. ಸುಳ್ಳು ಅಂತ ಗೊತ್ತಿದ್ದೂ ನಿಮ್ಮ ಮಾಲಿಗೆ ಕೆಟ್ಟ ಹೆಸರು ತಂದು ಗಿರಾಕಿ ಬಿಡಿಸಿದರೆ, ನಿಮ್ಮ ಅಂಗಡಿ ಹೆಸರನ್ನೇ ಹೋಲುವ ಬೋರ್ಡು ಹಾಕಿ ಜನರನ್ನ ಯಾಮಾರಿಸಿದರೆ, ಆಗ ಪರಿಹಾರ ಕೇಳಬಹುದು. ಸಾಕ್ಷಿ ಬೇಕು ಅಷ್ಟೆ. ಯಾರ ಮುಂದೆ ಹೇಳಿದ್ದು?

ಅವರು ಉದ್ರಿ ಪುಸ್ತಕ ತೆಗೆದು ಒಂದು ಹೆಸರಿನ ಮೇಲೆ ಬೆರಳಿಟ್ಟರು. “ಇವನ ಮುಂದ್ರಿ. ಆದ್ರ ಮೂರು ತಿಂಗಳಾತು, ಬಾಕಿ ಕೊಡಬೇಕಾಗ್ತದ ಅಂತ ಈ ಕಡೆ ತಲೀನ ಹಾಕಿಲ್ಲ.”