ಬಣ್ಣ ಬಳಿದರೆ ತುಕ್ಕು ಹೋಗುತ್ತಾ?

ಮಳೆಗಾಲ ಶುರುವಾಯ್ತು ಅಂದ್ರೆ ನಮ್ಮ ನ್ಯೂಸ್‌ರೂಮಿಗೆ ಒಂದು ದೃಶ್ಯ ಬಂದೇ ಬರುತ್ತೆ. ಬಾಗಿದ ಕಂಬ, ಮನೆ ಮೇಲೆ ಮಗುಚಿದ ಟವರ್. ನಾವೂ ‘ಬಿರುಗಾಳಿಗೆ ಧರೆಗುರುಳಿದ ಟವರ್’ ಅಂತ ಬ್ರೇಕಿಂಗ್ ಹಾಕ್ತೀವಿ. ಗಾಳಿ ಬಂದು ಸ್ಪಷ್ಟನೆ ಕೊಡಲ್ಲವಲ್ಲ! ಆದರೆ ಎಷ್ಟೋ ಸಲ ಗಾಳಿಗಿಂತ ಮೊದಲೇ ತುಕ್ಕು ವರ್ಷಗಟ್ಟಲೆ ಕೆಲಸ ಮಾಡಿರುತ್ತೆ.

ಟವರಿನ ಉಕ್ಕನ್ನ ಸುಮಾರು 450 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿದ ಸತುವಿನಲ್ಲಿ ಅದ್ದಿ ತೆಗೀತಾರೆ. ಗ್ಯಾಲ್ವನೈಸಿಂಗ್ ಅಂದ್ರೆ ಇದೇ. ಸಣ್ಣ ಗೀರು ಬಿದ್ದರೂ ಸತು ತಾನು ಮೊದಲು ಸವೆದು ಉಕ್ಕನ್ನ ಕಾಯುತ್ತೆ. ಆದರೆ ಕಾರವಾರ, ಮಲ್ಪೆ, ಪಣಂಬೂರಿನ ಗಾಳಿಯಲ್ಲೇ ಉಪ್ಪಿದೆ. ಅಲ್ಲಿನ ಸತು ಕಲಬುರಗಿಯ ಒಣಹವೆಯಲ್ಲಿ ಬಾಳೋವಷ್ಟು ಕಾಲ ಬಾಳಲ್ಲ. ಎರಡೂ ಕಡೆಗೆ ಒಂದೇ ತಪಾಸಣೆ ವೇಳಾಪಟ್ಟಿ ಇಟ್ಟರೆ ಅದು ಬರೀ ಕಾಗದದ ಲೆಕ್ಕ.

ತುಕ್ಕು ಹುಡುಕೋರು ತಲೆ ಎತ್ತಿ ನೋಡ್ತಾರೆ. ಮೊದಲು ಬುಡ ನೋಡಬೇಕು. ಉಕ್ಕಿನ ಕಾಲು ಕಾಂಕ್ರೀಟಿಗೆ ಇಳಿಯೋ ಜಾಗದಲ್ಲಿ ಮಣ್ಣು, ತರಗೆಲೆ ಸೇರಿ ತೇವ ನಿಂತಿರುತ್ತೆ. ಆಮೇಲೆ ಜೋಡಣೆಗಳು. ಬೋಲ್ಟಿನಿಂದ ಕೆಳಗೆ ಕಂದು ಗೆರೆ ಇಳಿದಿದ್ರೆ ಒಳಗೆ ನೀರು ಹೊಕ್ಕಿದೆ ಅಂತ ಅರ್ಥ. ತುಕ್ಕಿಗೆ ಮೂಲ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಬೇಕು. ಎರಡು ಪಟ್ಟಿಗಳ ಸಂದಿಯಲ್ಲಿ ಹುಟ್ಟಿದ್ರೆ ಪಟ್ಟಿಯನ್ನೇ ಉಬ್ಬಿಸಿ ಬೋಲ್ಟನ್ನ ಜಗ್ಗುತ್ತೆ. ಕೊಳವೆ ಕಾಲಿನ ಟವರ್ ಇನ್ನೂ ಮೋಸ. ನೀರು ಹೊರಹೋಗೋ ತೂತು ಕಟ್ಟಿಕೊಂಡ್ರೆ ಒಳಗಿಂದಲೇ ತಿನ್ನುತ್ತೆ, ಹೊರಗೆ ಮಾತ್ರ ಲಕಲಕ. ಅನುಭವಿಗಳು ಸುತ್ತಿಗೆಯಿಂದ ತಟ್ಟಿ, ಸದ್ದಿನಲ್ಲೇ ಅನುಮಾನ ಪಡ್ತಾರೆ. ಎಷ್ಟು ದಪ್ಪ ಉಳಿದಿದೆ ಅಂತ ಹೇಳೋಕೆ ಅಲ್ಟ್ರಾಸಾನಿಕ್ ಮಾಪಕವೇ ಬೇಕು.

ನನಗೆ ಸಿಟ್ಟು ಬರೋದು ತುಕ್ಕಿನ ಮೇಲಲ್ಲ, ಅದರ ಮೇಲೇ ಬಳಿಯೋ ಬಣ್ಣದ ಮೇಲೆ. ತಪಾಸಣೆ ಇದೆ ಅಂದ ತಕ್ಷಣ ಕೆಂಪು-ಬಿಳಿ ಹೊಡೆದುಬಿಡೋದು, ಬಿಲ್ ಪಾಸ್ ಮಾಡಿಸೋದು. ತುಕ್ಕನ್ನ ಉಕ್ಕು ಕಾಣೋವರೆಗೂ ಕೆರೆದು, ಉಪ್ಪನ್ನ ಸಿಹಿನೀರಲ್ಲಿ ತೊಳೆದು, ಒಣಗಿಸಿ, ಸತು ತುಂಬಿದ ಪ್ರೈಮರ್ ಹಚ್ಚಿ, ಆಮೇಲೆ ಬಣ್ಣ. ಇದು ನಿಧಾನದ ಕೆಲಸ. 1889ರ ಐಫೆಲ್ ಟವರಿನ ಕಬ್ಬಿಣಕ್ಕೆ ಸತುವಿನ ಹೊದಿಕೆಯೇ ಇಲ್ಲ. 20 ವರ್ಷಕ್ಕೆ ಕಳಚಬೇಕಿದ್ದ ಆ ಗೋಪುರ, ಸರಿಸುಮಾರು ಏಳು ವರ್ಷಕ್ಕೊಮ್ಮೆ ಬಣ್ಣ ಕಾಣ್ತಾ ಇವತ್ತಿಗೂ ನಿಂತಿದೆ.

ನಮ್ಮಲ್ಲಿ ಟವರ್ ಹತ್ತೋ ಹುಡುಗ ತನ್ನ ಬೆಲ್ಟಿನ ಕೊಕ್ಕೆ ಸಿಕ್ಕಿಸೋದು ಇದೇ ಪಟ್ಟಿಗೆ. ಒಳಗೆ ಎಷ್ಟು ಉಕ್ಕು ಉಳಿದಿದೆ ಅಂತ ಅವನಿಗೆ ಯಾರೂ ಹೇಳಿರಲ್ಲ.

ನಿಮ್ಮ ಬೀದಿಯಲ್ಲಿ, ನಿಮ್ಮ ಅಪಾರ್ಟ್‌ಮೆಂಟಿನ ತಾರಸಿ ಮೇಲೆ ಟವರ್ ಇದ್ರೆ ದಯವಿಟ್ಟು ಹತ್ತಬೇಡಿ. ದೂರದಿಂದಲೇ ಬುಡದ ಫೋಟೊ ತೆಗೀರಿ. ಟವರಿನವರಿಗೆ, ಪಂಚಾಯಿತಿಗೆ ಅಥವಾ ಪಾಲಿಕೆಗೆ ಬರೆದು ಕೇಳಿ: ಬಣ್ಣ ಯಾವಾಗ ಹೊಡೆದ್ರಿ ಅಂತಲ್ಲ, ಉಕ್ಕಿನ ದಪ್ಪ ಕೊನೇ ಸಲ ಯಾವಾಗ ಅಳೆದ್ರಿ ಅಂತ.