ಪ್ರಯೋಗಶಾಲೆಯ ಮೂಕಪ್ರಾಣಿಗಳು

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ನಮ್ಮ ಸೀಮೆಯಲ್ಲಿ ಮನುಷ್ಯನಿಗೂ ಪ್ರಾಣಿಗೂ ಇರುವ ನಂಟು ಒಂದೇ ಬಗೆಯದಲ್ಲ. ಕಾರಹುಣ್ಣಿಮೆಗೆ ಎತ್ತಿನ ಕೋಡಿಗೆ ಬಣ್ಣ ಬಳಿದು ಮೆರೆಸುತ್ತೇವೆ. ಮಣ್ಣೆತ್ತಿನ ಅಮಾವಾಸ್ಯೆಗೆ ಅದರ ಮಣ್ಣಿನ ಮೂರ್ತಿಗೆ ಕೈಮುಗಿಯುತ್ತೇವೆ. ಅದೇ ಎತ್ತಿಗೆ ಮುಪ್ಪು ಬಂದಾಗ ಸಂತೆಗೆ ಹೊಡೆದುಕೊಂಡು ಹೋಗುವವರೂ ನಾವೇ. ದೇವರ ಹೆಸರಿನಲ್ಲಿ ಪ್ರಾಣಿಗಳನ್ನು ಕಡಿಯುವ ವಾಡಿಕೆಯನ್ನು ತಡೆಯಲು 1959ರಲ್ಲಿ ಅಂದಿನ ಮೈಸೂರು ರಾಜ್ಯ ಒಂದು ಕಾನೂನನ್ನೇ ಮಾಡಬೇಕಾಯಿತು.

ಆದರೆ ಈ ಹೊತ್ತು ನಾನು ಹೇಳಹೊರಟಿರುವುದು ಗುಡಿಯ ಮುಂದಿನ ಬಲಿಯನ್ನು ಕುರಿತಲ್ಲ. ವಿದ್ಯಾಲಯಗಳ ಪ್ರಯೋಗಶಾಲೆಯಲ್ಲಿ ನಡೆಯುವ ಬಲಿಯನ್ನು ಕುರಿತು. 'ಬಲಿ' ಎಂಬ ಮಾತನ್ನು ನಾನಾಗಿ ಹಚ್ಚಿದ್ದಲ್ಲ. ಪ್ರಯೋಗ ಮುಗಿದ ಮೇಲೆ ಇಲಿಯನ್ನೋ ಮೊಲವನ್ನೋ ಕೊಲ್ಲುವುದಕ್ಕೆ ವಿಜ್ಞಾನಿಗಳು ಬಹುಕಾಲದಿಂದ ಬಳಸುತ್ತ ಬಂದಿರುವ ಇಂಗ್ಲಿಷ್ ಮಾತು 'ಸ್ಯಾಕ್ರಿಫೈಸ್'. ಅದರ ಕನ್ನಡ ಬಲಿಯಲ್ಲದೆ ಬೇರೇನು?

ಕನ್ನಡ ಪಾಠ ಹೇಳಿ ನಿವೃತ್ತನಾದವನಿಗೆ ಈ ವಿಷಯದ ಗೊಡವೆ ಏಕೆಂದು ಶ್ರೋತೃಗಳು ಕೇಳಬಹುದು. ಪ್ರಾಣಿಗಳ ಮೇಲೆ ಪ್ರಯೋಗ ನಡೆಸುವ ಪ್ರತಿಯೊಂದು ಸಂಸ್ಥೆಯಲ್ಲಿಯೂ ಒಂದು ನೀತಿ ಸಮಿತಿ ಇರಬೇಕು. ಅದರಲ್ಲಿ ಜೀವವಿಜ್ಞಾನಿಗಳ ಜೊತೆಗೆ ಒಬ್ಬ ಪಶುವೈದ್ಯನಿರಬೇಕು. ಹೊರಗಿನ ಸಂಸ್ಥೆಯ ವಿಜ್ಞಾನಿಯೊಬ್ಬನಿರಬೇಕು. ವಿಜ್ಞಾನಿಯಲ್ಲದ, ಸಾಮಾಜಿಕ ಅರಿವುಳ್ಳ ಒಬ್ಬ ಸದಸ್ಯನೂ ಇರಬೇಕು. ಬೆಳಗಾವಿ ಭಾಗದ ಒಂದು ಸಂಸ್ಥೆಯ ಸಮಿತಿಯಲ್ಲಿ ಈ ಕೊನೆಯ ಸ್ಥಾನ ಕೆಲಕಾಲ ನನ್ನ ಪಾಲಿಗೆ ಬಂದಿತ್ತು.

ಈ ವ್ಯವಸ್ಥೆಯ ಬೇರು ಹಳೆಯದು. ನೃತ್ಯಕಲಾವಿದೆ ರುಕ್ಮಿಣಿದೇವಿ ಅರುಂಡೇಲ್ ಅವರು ರಾಜ್ಯಸಭೆಯ ಸದಸ್ಯೆಯಾಗಿದ್ದಾಗ ಪ್ರಾಣಿಹಿಂಸೆಯ ವಿರುದ್ಧ ಖಾಸಗಿ ವಿಧೇಯಕವೊಂದನ್ನು ತಂದರು. ಸರಕಾರವೇ ಕಾನೂನು ತರುವುದಾಗಿ ನೆಹರೂ ಭರವಸೆಯಿತ್ತರು. ಅದರ ಫಲವೇ 1960ರ ಪ್ರಾಣಿಹಿಂಸೆ ತಡೆ ಕಾಯಿದೆ. ಹೊಸ ಜ್ಞಾನಕ್ಕಾಗಿ, ರೋಗ ನಿವಾರಣೆಗಾಗಿ ಮಾಡುವ ಪ್ರಯೋಗವನ್ನು ಆ ಕಾಯಿದೆ ನಿಷೇಧಿಸಲಿಲ್ಲ, ಕಟ್ಟುಪಾಡಿಗೆ ಒಳಪಡಿಸಿತು. ಪುಸ್ತಕ, ಮಾದರಿ, ಚಲನಚಿತ್ರಗಳಿಂದಲೇ ಕಲಿಸಬಹುದಾದುದನ್ನು ಕಾಲೇಜುಗಳು ಪ್ರಾಣಿಯ ಮೇಲೆ ಪ್ರಯೋಗಿಸಿ ಕಲಿಸಕೂಡದು, ಕೇವಲ ಕೈ ಪಳಗಿಸಿಕೊಳ್ಳುವುದಕ್ಕಾಗಿ ಆದಷ್ಟೂ ಪ್ರಯೋಗ ಮಾಡಕೂಡದು ಎಂಬ ಆಶಯ ಅದರಲ್ಲಿಯೇ ಉಂಟು. ಆದರೂ ನಾನು ಅಧ್ಯಾಪಕನಾಗಿದ್ದ ಬಹುಪಾಲು ವರ್ಷ, ಮಳೆಗಾಲ ಬಂತೆಂದರೆ ಪ್ರಾಣಿಶಾಸ್ತ್ರ ವಿಭಾಗಕ್ಕೆ ಚೀಲದಲ್ಲಿ ಕಪ್ಪೆಗಳು ಬರುತ್ತಿದ್ದವು. ಅವನ್ನು ಕೊಯ್ದ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಮುಂದೆ ಬ್ಯಾಂಕಿನಲ್ಲೋ ಶಾಲೆಯಲ್ಲೋ ನೌಕರಿ ಹಿಡಿದರು. ವಿಶ್ವವಿದ್ಯಾಲಯ ಅನುದಾನ ಆಯೋಗ ಪದವಿ ತರಗತಿಗಳಲ್ಲಿ ಪ್ರಾಣಿಗಳನ್ನು ಕೊಯ್ಯುವುದನ್ನು ನಿಲ್ಲಿಸಿದ್ದು 2014ರಲ್ಲಿ. ಕಾಯಿದೆಯ ಅಕ್ಷರ ಪ್ರಯೋಗಶಾಲೆಯ ಮೇಜನ್ನು ತಲುಪಲು 54 ವರ್ಷ ಹಿಡಿಯಿತು.

ಸಂಶೋಧನೆಯ ವಿಷಯದಲ್ಲಿ 1998ರ ನಿಯಮಗಳು ನೀತಿ ಸಮಿತಿಯ ಒಪ್ಪಿಗೆಯನ್ನು ಕಡ್ಡಾಯ ಮಾಡಿದವು. ಇಲಿ, ಮೊಲಗಳಂಥ ಸಣ್ಣ ಪ್ರಾಣಿಗಳಿಗೆ ಸಂಸ್ಥೆಯ ಸಮಿತಿಯ ಒಪ್ಪಿಗೆ ಸಾಕು. ನಾಯಿ, ಕುರಿ, ಕೋತಿಗಳಂಥ ದೊಡ್ಡ ಪ್ರಾಣಿಗಳಿಗೆ ಕೇಂದ್ರ ಸಮಿತಿಯವರೆಗೆ ಹೋಗಬೇಕು. ಅರ್ಜಿಯಲ್ಲಿ ಕೇಳುವ ಪ್ರಶ್ನೆಗಳು ನೇರವಾದವು: ಪ್ರಾಣಿಯೇ ಏಕೆ ಬೇಕು? ಈ ಜಾತಿಯದೇ ಏಕೆ? ಇಷ್ಟು ಸಂಖ್ಯೆಯನ್ನು ಹೇಗೆ ಲೆಕ್ಕಹಾಕಿದಿರಿ? ಇಂಥ ಪ್ರಯೋಗ ಹಿಂದೆ ಆಗಿದೆಯೇ? ನೋವನ್ನು ಹೇಗೆ ತಗ್ಗಿಸುತ್ತೀರಿ? ಕೊನೆಗೆ ಪ್ರಾಣಿಯ ಗತಿಯೇನು? ರಸೆಲ್ ಮತ್ತು ಬರ್ಚ್ ಎಂಬ ಇಬ್ಬರು ಇಂಗ್ಲಿಷ್ ವಿದ್ವಾಂಸರು 1959ರಲ್ಲಿ ಪ್ರತಿಪಾದಿಸಿದ ಮೂರು ಸೂತ್ರಗಳು ಈ ಪ್ರಶ್ನೆಗಳ ಹಿಂದೆ ಇವೆ. ಸಾಧ್ಯವಾದಲ್ಲಿ ಪ್ರಾಣಿಯ ಬದಲಿಗೆ ಬೇರೊಂದನ್ನು ಬಳಸು, ಸಂಖ್ಯೆಯನ್ನು ಕಡಿಮೆ ಮಾಡು, ವಿಧಾನವನ್ನು ಮೃದುಗೊಳಿಸು. ನಮ್ಮ ದೇಶ ನಾಲ್ಕನೆಯದೊಂದನ್ನು ಸೇರಿಸಿತು: ಬದುಕುಳಿದ ಪ್ರಾಣಿಗೆ ನೆಲೆ ಕಲ್ಪಿಸು.

ಒಮ್ಮೆ ಒಬ್ಬ ವಿದ್ಯಾರ್ಥಿನಿಯ ಅರ್ಜಿ ಬಂತು. ಒಂದು ಬಳ್ಳಿಯ ಎಲೆಯ ಸತ್ವದಿಂದ ಮಧುಮೇಹ ತಗ್ಗುವುದೇ ಎಂದು ಇಲಿಗಳ ಮೇಲೆ ಪರೀಕ್ಷಿಸುವ ಯೋಜನೆ. ಇಂಗ್ಲಿಷಿನಲ್ಲಿ ಬಹು ಸೊಗಸಾಗಿ ವಿವರಿಸಿದಳು. ನಾನು, "ತಂಗೀ, ಇದನ್ನು ನಿಮ್ಮ ಅವ್ವನಿಗೆ ಹೇಳುವಂತೆ ಹೇಳಬಲ್ಲೆಯಾ?" ಎಂದೆ. ಆಕೆ ಕ್ಷಣಕಾಲ ತಡೆದು, "ಇಲಿಗೆ ಮೊದಲ ನಾವ ಸಕ್ಕರಿ ಬ್ಯಾನಿ ಬರಸ್ತೀವ್ರಿ ಸರ್. ಆಮ್ಯಾಲ ಎಲಿ ರಸಾ ಕೊಡ್ತೀವ್ರಿ. ಕಡೀಕ..." ಎಂದು ನಿಂತಳು. ಇಂಗ್ಲಿಷಿನಲ್ಲಿ ಸಲೀಸಾಗಿ ಬಂದಿದ್ದ ಮಾತು ಕನ್ನಡದಲ್ಲಿ ಬರಲಿಲ್ಲ. ಕೊನೆಗೆ ಮೆಲ್ಲಗೆ, "ಕೊಲ್ತೀವ್ರಿ" ಎಂದಳು. ಆ ಬಳಿಕ ನಡೆದ ಚರ್ಚೆ ಮೊದಲಿನಂತಿರಲಿಲ್ಲ. ಅದೇ ಎಲೆಯ ಮೇಲೆ ಆಗಲೇ ಪ್ರಕಟವಾಗಿದ್ದ ಪ್ರಬಂಧಗಳನ್ನು ಪಶುವೈದ್ಯರು ನೆನಪಿಸಿದರು. ಹೊಸದೇನನ್ನು ತಿಳಿಯಬೇಕಾಗಿದೆಯೋ ಅಷ್ಟಕ್ಕೇ ಪ್ರಯೋಗವನ್ನು ಸೀಮಿತಗೊಳಿಸಿ ಮರಳಿ ಬರುವಂತೆ ಸಮಿತಿ ತಿಳಿಸಿತು. ಆಕೆ ಮರಳಿ ಬಂದಾಗ ಇಲಿಗಳ ಸಂಖ್ಯೆ ಕಡಿಮೆಯಾಗಿತ್ತು, ಪ್ರಶ್ನೆ ಹರಿತವಾಗಿತ್ತು.

ಇಲ್ಲಿ ನನಗೆ ಜನ್ನನ ನೆನಪಾಗುತ್ತದೆ. 1209ರಲ್ಲಿ ಆತ ರಚಿಸಿದ ಯಶೋಧರ ಚರಿತೆಯಲ್ಲಿ, ಜೀವಬಲಿಗೆ ಒಪ್ಪದ ಯಶೋಧರ ತಾಯಿಯ ಮಾತನ್ನು ಮೀರಲಾರದೆ ಹಿಟ್ಟಿನ ಕೋಳಿಯನ್ನು ಬಲಿ ಕೊಡುತ್ತಾನೆ. ಆದರೂ ಕೊಲ್ಲುವ ಸಂಕಲ್ಪ ಮಾಡಿದ ಪಾಪಕ್ಕೆ ತಾಯಿ ಮಗ ಇಬ್ಬರೂ ನವಿಲು, ನಾಯಿ ಮೊದಲಾದ ಜನ್ಮಗಳಲ್ಲಿ ತೊಳಲುತ್ತಾರೆ. ಹಿಟ್ಟಿನ ಕೋಳಿಯೂ ಒಂದು ಬದಲಿ ವಸ್ತುವೇ. ಇಂದಿನ ವಿದ್ಯಾರ್ಥಿ ಕಂಪ್ಯೂಟರಿನ ಪರದೆಯ ಮೇಲೆ ಕಪ್ಪೆಯನ್ನು ಕೊಯ್ಯುವುದೂ ಮೇಲುನೋಟಕ್ಕೆ ಅಂಥದೇ. ಆದರೆ ಯಶೋಧರ ಬದಲಿಸಿದ್ದು ವಸ್ತುವನ್ನು ಮಾತ್ರ, ಸಂಕಲ್ಪವನ್ನಲ್ಲ. ನೋವು ಕೊಡದೆ ಅರಿಯಬೇಕೆಂಬ ಸಂಕಲ್ಪದಿಂದ ಬಂದ ಬದಲಿ ಬೇರೆಯೇ ಆದುದು. ಅರ್ಜಿಯ ಕೋಷ್ಟಕಗಳನ್ನು ತುಂಬಿ ಒಪ್ಪಿಗೆಯ ಮುದ್ರೆ ಪಡೆಯುವುದಷ್ಟೇ ಗುರಿಯಾದರೆ ನೀತಿ ಸಮಿತಿಯೂ ಹಿಟ್ಟಿನ ಕೋಳಿಯಾದೀತು.

ಹಾಗೆಂದು ಪ್ರಯೋಗವೇ ಬೇಡವೆನ್ನುವ ಎದೆಗಾರಿಕೆ ನನಗಿಲ್ಲ. ನನ್ನ ತಲೆಮಾರಿನವರ ತೋಳಿನ ಮೇಲೆ ದೇವಿ ಹಾಕಿಸಿಕೊಂಡ ಗುರುತು ಇದೆ. ಬೆಳಗಾವಿಯ ಟಿಳಕವಾಡಿಯಲ್ಲಿ ಜನ ವ್ಯಾಕ್ಸಿನ್ ಡಿಪೋ ಎಂದು ಕರೆಯುವ ಆವರಣದಲ್ಲಿ ಒಂದು ಕಾಲಕ್ಕೆ ಸಿಡುಬಿನ ಲಸಿಕೆ ತಯಾರಾಗುತ್ತಿತ್ತು. ಆ ಕಾಲದ ಲಸಿಕೆ ಕರುಗಳ ಚರ್ಮದ ಮೇಲೆ ಬೆಳೆಸಿದ್ದು. 1980ರಲ್ಲಿ ಸಿಡುಬು ಜಗತ್ತಿನಿಂದ ಅಳಿಯಿತೆಂದು ಸಾರಿದಾಗ ಆ ಕರುಗಳ ಹೆಸರನ್ನು ಯಾರೂ ಎತ್ತಲಿಲ್ಲ. ಹಿರಿಯರು ದೊಡ್ಡರೋಗವೆಂದು ಹೆದರುತ್ತಿದ್ದ ದನಗಳ ಪಿಡುಗು 2011ರಲ್ಲಿ ನಿರ್ಮೂಲವಾದುದರ ಹಿಂದೆಯೂ ಮುಕ್ತೇಶ್ವರದ ಸಂಸ್ಥೆಯಲ್ಲಿ ಆಡುಗಳ ಮೇಲೆ ನಡೆದ ಪ್ರಯೋಗಗಳಿವೆ. ಆಡು ತೆತ್ತ ಬೆಲೆಯಿಂದ ನಮ್ಮ ಎತ್ತುಗಳು ಉಳಿದವು.

ಋಣ ದೊಡ್ಡದು, ಅದಕ್ಕಾಗಿಯೇ ಲೆಕ್ಕ ಕಟ್ಟುನಿಟ್ಟಾಗಿರಬೇಕು. ನಮ್ಮ ಈ ನಾಲ್ಕು ತಾಲೂಕುಗಳ ಕಾಲೇಜುಗಳಿಂದ ನಾಳೆ ಸಂಶೋಧನೆಗೆ ಹೋಗುವ ಹುಡುಗ ಹುಡುಗಿಯರು ಹೆಚ್ಚಾಗಿ ರೈತರ ಮಕ್ಕಳು. ದನದ ನೋವನ್ನು ಅದರ ಕಣ್ಣಿನಲ್ಲಿ ಓದಬಲ್ಲವರು. ಆ ಓದನ್ನು ಪ್ರಯೋಗಶಾಲೆಯ ಬಾಗಿಲಲ್ಲಿ ಬಿಟ್ಟು ಒಳಗೆ ಹೋಗಬೇಕೆಂದು ಯಾವ ವಿಜ್ಞಾನವೂ ಕೇಳುವುದಿಲ್ಲ. ಒಂದು ಪ್ರಾಣಿಯನ್ನು ಪಂಜರದಿಂದ ಎತ್ತಿಕೊಳ್ಳುವ ಮುನ್ನ, ತಾನು ಮಾಡಲಿರುವುದನ್ನು ಮನೆಯ ಮಾತಿನಲ್ಲಿ ಒಮ್ಮೆ ತನಗೆ ತಾನೇ ಹೇಳಿಕೊಳ್ಳಲಿ. ಹೇಳಲು ಬಂದರೆ ಮುಂದುವರಿಯಲಿ. ಬಾರದಿದ್ದರೆ ಅರ್ಜಿಯನ್ನು ಇನ್ನೊಮ್ಮೆ ಓದಲಿ.